ಕುರಿಗಾಹಿಯ ಕುದುರೆಗೆ ಜಂತುನಾಶಕ ಕುಡಿಸುವ ಕ್ರಮ
(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ಬಂದು ಬೀಡುಬಿಟ್ಟಾಗ ಊರಿನವರ ಲಕ್ಷ್ಯವೆಲ್ಲ ಕುರಿಗಳ ಮೇಲಿರುತ್ತದೆ. ಗುಡಾರದ ಪಕ್ಕದಲ್ಲಿ ಕಟ್ಟಿದ ಕುದುರೆಯನ್ನು ವಿಚಾರಿಸುವವರು ಕಡಿಮೆ. ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳಿಂದ ಮೇವು ನೀರು ಅರಸಿ ಹೊರಡುವ ಕುರಿಗಾಹಿ ಕುಟುಂಬಗಳ ಪಾತ್ರೆ ಪಗಡ, ದವಸ, ನಡೆಯಲಾರದ ಎಳೆಯ ಕುರಿಮರಿಗಳು ಸಾಗುವುದು ಈ ಕುದುರೆಯ ಬೆನ್ನಿನ ಮೇಲೆಯೇ. ಅದು ಮಲಗಿದರೆ ಇಡೀ ಕುಟುಂಬದ ಪ್ರಯಾಣ ನಿಲ್ಲುತ್ತದೆ. ಆದರೆ ಅದು ಹಾಲು ಕೊಡುವುದಿಲ್ಲ, ಉಣ್ಣೆ ಕೊಡುವುದಿಲ್ಲ; ಹೀಗಾಗಿ ಜಂತುನಾಶಕ ಶಿಬಿರದ ಲೆಕ್ಕದಲ್ಲಿ ಅದು ಸುಲಭವಾಗಿ ಬಿಟ್ಟುಹೋಗುತ್ತದೆ.

ಕುದುರೆಯ ಕರುಳಿನಲ್ಲಿ ಹಲವು ಬಗೆಯ ಜಂತುಗಳು ನೆಲೆಸುತ್ತವೆ. ಲದ್ದಿಯೊಡನೆ ಬಿದ್ದ ಮೊಟ್ಟೆಗಳಿಂದ ಮರಿಹುಳುಗಳು ಹೊರಟು ಹುಲ್ಲನ್ನೇರುತ್ತವೆ. ಆ ಹುಲ್ಲನ್ನು ಮೇಯ್ದಾಗ ಮರಳಿ ಹೊಟ್ಟೆ ಸೇರುತ್ತವೆ. ಮೇವಿಗೆ ಕೊರತೆಯಿಲ್ಲದಿದ್ದರೂ ಮೈ ಇಳಿಯುವುದು, ಕೂದಲು ಕಾಂತಿಗೆಡುವುದು, ಮರಿಗಳಲ್ಲಿ ಹೊಟ್ಟೆ ಉಬ್ಬುವುದು, ಪದೇ ಪದೇ ಹೊಟ್ಟೆಶೂಲೆ ಕಾಣಿಸುವುದು ಇವುಗಳ ಸೂಚನೆ. ಮುಂಗಾಲಿನ ಕೂದಲಿಗೆ ಅಂಟಿದ ಹಳದಿ ಚುಕ್ಕಿಗಳು ಕಂಡರೆ ಅವು ಒಂದು ಜಾತಿಯ ನೊಣದ ಮೊಟ್ಟೆಗಳು. ಕುದುರೆ ಕಾಲನ್ನು ನೆಕ್ಕಿದಾಗ ಅವು ಬಾಯಿ ಸೇರಿ, ಮುಂದೆ ಜಠರದ ಗೋಡೆಯಲ್ಲಿ ಹುಳುಗಳಾಗಿ ಕಚ್ಚಿಕೊಳ್ಳುತ್ತವೆ. ಐವರ್ಮೆಕ್ಟಿನ್ ಇವುಗಳ ಮೇಲೆ ಕೆಲಸ ಮಾಡುತ್ತದೆ, ಫೆನ್‌ಬೆಂಡಜೋಲ್ ಮಾಡುವುದಿಲ್ಲ. ಯಾವ ಔಷಧ ಎಂಬ ನಿರ್ಧಾರವನ್ನು ಪಶುವೈದ್ಯರಿಗೇ ಬಿಡಬೇಕು ಎನ್ನಲು ಇದೊಂದೇ ಕಾರಣ ಸಾಕು.

ಕುರಿಗೆ ತಂದು ಉಳಿದ ಔಷಧವನ್ನು ಕುದುರೆಗೆ ಸುರಿಯುವುದು ಅಪಾಯಕರ. ಲೆವಮಿಸೋಲ್ ಕುರಿಗಳಲ್ಲಿ ಬಳಕೆಯಲ್ಲಿರುವ ಔಷಧವಾದರೂ ಕುದುರೆಯಲ್ಲಿ ಗುಣಕಾರಿ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ದನಗಳಿಗೆ ಚುಚ್ಚುವ ಐವರ್ಮೆಕ್ಟಿನ್ ಕುದುರೆಗೆ ಚುಚ್ಚಿದಲ್ಲಿ ಆ ಜಾಗ ಊದಿಕೊಂಡು ತೀವ್ರ ಸೋಂಕಾದ ಪ್ರಸಂಗಗಳಿವೆ. ಆದುದರಿಂದಲೇ ಕುದುರೆಗಳಿಗೆ ಅದನ್ನು ಬಾಯಿಯ ಮೂಲಕ ಕೊಡುವ ಪೇಸ್ಟ್ ರೂಪದಲ್ಲಿ ತಯಾರಿಸುತ್ತಾರೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ ಎಂಬುದನ್ನೂ ನೆನಪಿಡಬೇಕು. ತಪ್ಪಾಗಿ ಒಳಗೆ ಹೋದದ್ದು ಹೊರಗೆ ಬಾರದು.

ಇನ್ನು ಕುಡಿಸುವ ವಿಷಯ. ದನಕ್ಕೆ ಗೊಟ್ಟದಲ್ಲಿ ಕುಡಿಸಿ ಅಭ್ಯಾಸವಾದ ಕೈ ಕುದುರೆಯ ತಲೆಯನ್ನೂ ಮೇಲಕ್ಕೆತ್ತಿ ಸುರಿಯಲು ಹೊರಡುತ್ತದೆ. ಹಾಗೆ ಸುರಿದ ದ್ರವ ಶ್ವಾಸನಾಳಕ್ಕಿಳಿದರೆ ನ್ಯುಮೋನಿಯಾ ಆಗಿ ಕುದುರೆ ಸಾಯಬಹುದು. ದನಕ್ಕೂ ಈ ಅಪಾಯ ಇಲ್ಲದಿಲ್ಲ. ಮೇವಿನಲ್ಲಿ ಬೆರೆಸಿ ಇಟ್ಟರೆ ಕುದುರೆ ತುಟಿಯಿಂದಲೇ ಆರಿಸಿ, ಕಹಿಯಾದದ್ದನ್ನು ತಳದಲ್ಲಿ ಬಿಡುತ್ತದೆ. ಎರಡು ಕುದುರೆಗಳಿದ್ದರೆ ಬಲವಾದದ್ದು ಇನ್ನೊಂದರ ಪಾಲನ್ನೂ ತಿನ್ನುತ್ತದೆ. ಇಲ್ಲಿ ಪೇಸ್ಟ್ ತುಂಬಿದ ಸಿರಿಂಜ್ ಹೆಚ್ಚು ನಂಬಿಕೆಗೆ ಅರ್ಹ.

ಮೊದಲು ಬಾಯಿಯಲ್ಲಿ ಮೇವಿಲ್ಲವೆಂದು ನೋಡಿಕೊಳ್ಳಬೇಕು. ಹುಲ್ಲಿನ ಉಂಡೆಯಿದ್ದರೆ ಔಷಧ ಅದಕ್ಕೇ ಅಂಟಿ ಉಂಡೆಯೊಡನೆ ನೆಲಕ್ಕೆ ಬೀಳುತ್ತದೆ. ಕುದುರೆಯ ಎದುರಿಗೆ ನಿಲ್ಲದೆ ಭುಜದ ಪಕ್ಕದಲ್ಲಿ ನಿಂತು, ತಲೆಯ ಹಗ್ಗವನ್ನು ಒಂದು ಕೈಯಲ್ಲಿ ಸಡಿಲವಾಗಿ ಹಿಡಿಯಬೇಕು. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ, ಕಡಿವಾಣ ಕೂರುವ ತೆರವಿನಲ್ಲಿ ಸಿರಿಂಜನ್ನು ತೂರಿಸಿ, ನಾಲಿಗೆಯ ಹಿಂಭಾಗದ ಮೇಲೆ ಔಷಧವನ್ನು ಬಿಡಬೇಕು. ಬಳಿಕ ಗದ್ದವನ್ನು ತುಸುವೇ ಎತ್ತಿ, ನುಂಗುವವರೆಗೆ ಕಾಯಬೇಕು. ಹಿಂದೊಮ್ಮೆ ಬಲವಂತಕ್ಕೆ ಸಿಕ್ಕ ಕುದುರೆ ಸಿರಿಂಜ್ ಕಂಡೊಡನೆ ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತದೆ. ಅಂಥ ಕುದುರೆಗೆ ಶಿಬಿರಕ್ಕೆ ಒಂದು ವಾರ ಮುಂಚಿನಿಂದ ದಿನಕ್ಕೊಮ್ಮೆ ಅದೇ ಬಗೆಯ ಖಾಲಿ ಸಿರಿಂಜಿನಲ್ಲಿ ಸ್ವಲ್ಪ ಬೆಲ್ಲದ ನೀರು ಕೊಡುತ್ತ ಬಂದರೆ ಭಯ ಇಳಿಯುತ್ತದೆ. ಈ ಕೆಲಸ ವೈದ್ಯರದಲ್ಲ, ದಿನವೂ ಅದನ್ನು ಕಟ್ಟಿ ಬಿಚ್ಚುವ ಮನೆಯವರದು. ಮನೆಯ ಹೆಣ್ಣುಮಕ್ಕಳೇ ಇದನ್ನು ಚೆನ್ನಾಗಿ ಮಾಡಬಲ್ಲರು. ಉಗುಳಿದ ಪೇಸ್ಟನ್ನು ಕೂಡಲೇ ಒರೆಸಿ ಮಣ್ಣಿನಲ್ಲಿ ಆಳವಾಗಿ ಹೂಳಬೇಕು. ಮಂದೆಯ ನಾಯಿ ಅದನ್ನು ನೆಕ್ಕಿದರೆ ಕುದುರೆಯ ಪ್ರಮಾಣದ ಐವರ್ಮೆಕ್ಟಿನ್ ನಾಯಿಗೆ ವಿಷವಾಗಬಹುದು.

ಪ್ರಮಾಣವನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬಾರದು. ಕಡಿಮೆ ಬಿದ್ದರೆ ದುರ್ಬಲ ಹುಳುಗಳು ಸತ್ತು, ಔಷಧವನ್ನು ತಾಳಿಕೊಳ್ಳುವ ಹುಳುಗಳು ಉಳಿದು ಬೆಳೆಯುತ್ತವೆ. ತೂಕದ ಯಂತ್ರ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಹತ್ತಿರದ ತೂಕ ಕಿಲೋಗ್ರಾಂನಲ್ಲಿ ದೊರೆಯುತ್ತದೆ. ಸುತ್ತಳತೆ 130, ಉದ್ದ 120 ಇರುವ ತಟ್ಟು ಸುಮಾರು 171 ಕಿಲೋಗ್ರಾಂ ತೂಗುತ್ತದೆ. ಎಳೆಯ ಮರಿಗಳಿಗೆ ಈ ಲೆಕ್ಕ ಹೊಂದದು. ಅವುಗಳ ಹೊಟ್ಟೆಯಲ್ಲಿ ದುಂಡುಹುಳು ಹೆಚ್ಚಿದ್ದರೆ ಒಮ್ಮೆಗೇ ಸತ್ತ ಹುಳುಗಳು ಕರುಳನ್ನು ಕಟ್ಟಿಬಿಡುವುದೂ ಉಂಟು. ಮರಿಗಳನ್ನು ವೈದ್ಯರಿಗೆ ತೋರಿಸದೆ ಔಷಧ ಕೊಡಬಾರದು.

ಎಲ್ಲ ಕುದುರೆಗಳಿಗೂ ವರ್ಷಕ್ಕಿಷ್ಟು ಸಲ ಎಂದು ಕುಡಿಸುತ್ತ ಹೋಗುವುದೂ ಸರಿಯಲ್ಲ. ಬೆಳೆದ ಕುದುರೆಗಳಲ್ಲಿ ಕೆಲವೇ ಕುದುರೆಗಳು ಬಹುಪಾಲು ಮೊಟ್ಟೆಗಳನ್ನು ಹೊರಹಾಕುತ್ತವೆ. ಅವು ಯಾವುವೆಂದು ತಿಳಿಸುವುದು ಲದ್ದಿಯ ಪರೀಕ್ಷೆ. ಆಗತಾನೆ ಬಿದ್ದ ಲದ್ದಿಯನ್ನು ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಬಿಸಿಲಿಗಿಡದೆ ಅಂದೇ ಪಶು ಆಸ್ಪತ್ರೆಗೆ ಮುಟ್ಟಿಸಿದರೆ ಸಾಕು.

ಪಂಚಾಯತಿಯ ಹೊಣೆ ಬರುವುದು ಇಲ್ಲಿ. ಬೀಡುಬಿಟ್ಟ ಕುಟುಂಬದ ಹೆಸರು ಊರಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದ್ದರಿಂದ ಅದು ಯಾರ ವಾರ್ಡಿನದೂ ಅಲ್ಲ. ಮಂದೆ ನಿಂತ ಹೊಲ ಯಾವ ವಾರ್ಡಿನದೋ ಆ ವಾರ್ಡಿನ ಸದಸ್ಯರು ಕುದುರೆಗಳ ಸಂಖ್ಯೆಯನ್ನು ಪಶು ಆಸ್ಪತ್ರೆಗೆ ಮುಂಚೆಯೇ ತಿಳಿಸಿದರೆ ವೈದ್ಯರು ಕುರಿಗಳ ಔಷಧದ ಜೊತೆಗೆ ಕುದುರೆಯ ಔಷಧಕ್ಕೂ ವ್ಯವಸ್ಥೆ ಮಾಡಬಲ್ಲರು. ತುರ್ತಿನಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಘಟಕದ ನೆರವು ಕೋರಬಹುದೆಂಬುದನ್ನು ಆ ಕುಟುಂಬಕ್ಕೆ ಹೇಳಿಕೊಡಬೇಕು.

ಔಷಧ ಫಲಿಸಿತೇ ಎಂದು ತಿಳಿಯಲು ಸುಮಾರು ಎರಡು ವಾರಗಳ ನಂತರ ಲದ್ದಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಅಷ್ಟರಲ್ಲಿ ಮಂದೆ ಇನ್ನೊಂದು ಪಂಚಾಯತಿಯ ಹೊಲದಲ್ಲಿರುತ್ತದೆ. ಆದ್ದರಿಂದ ಔಷಧದ ಹೆಸರು, ಕೊಟ್ಟ ಪ್ರಮಾಣ, ದಿನಾಂಕ, ಅಳೆದ ತೂಕ ಇಷ್ಟನ್ನು ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಕುದುರೆಯ ಒಡೆಯರ ಕೈಗೆ ಕೊಟ್ಟು ಕಳಿಸಬೇಕು. ಮುಂದಿನ ಊರಿನ ವೈದ್ಯರು ಅಲ್ಲಿಂದ ಮುಂದುವರಿಸುತ್ತಾರೆ.