ದಂಡವೋ, ಸುಂಕವೋ?



'ದಂಡ' ಎಂಬ ಶಬ್ದ ನಮ್ಮ ಭಾಷೆಯಲ್ಲಿ ಹಲವು ಅರ್ಥಗಳನ್ನು ಹೊತ್ತು ನಿಂತಿದೆ. ಅದು ಕೋಲು, ಕೋಲು ಸೂಚಿಸುವ ಶಿಕ್ಷೆ, ತಪ್ಪು ಮಾಡಿದವನು ತೆರುವ ಹಣ. ಇವು ಸಂಸ್ಕೃತದೊಡನೆ ಬಂದ ಅರ್ಥಗಳು. ನಮ್ಮ ಜನ ತಮ್ಮ ಅನುಭವದಿಂದ ಇನ್ನೊಂದನ್ನು ಸೇರಿಸಿದ್ದಾರೆ. ಕೊಟ್ಟ ಹಣ ಕೆಲಸಕ್ಕೆ ಬಾರದೆ ಹೋದಾಗ 'ದುಡ್ಡು ದಂಡವಾಯಿತು' ಎನ್ನುತ್ತಾರೆ. ಅತಿ ವೇಗಕ್ಕಾಗಿ ರಸೀದಿ ಪಡೆದ ಸವಾರನ ಮನಸ್ಸಿನಲ್ಲಿ ಮೂಡುವುದು ಈ ಕೊನೆಯ ಅರ್ಥವೇ. ತಪ್ಪಿಗೆ ದಂಡ ತೆತ್ತೆನೆಂದು ಅವನಿಗೆ ಅನಿಸುವುದಿಲ್ಲ. ಖಜಾನೆ ತುಂಬಲು ತನ್ನ ಜೇಬಿಗೆ ಕೈ ಹಾಕಿದರೆಂದು ಅನಿಸುತ್ತದೆ.

ಈ ಸಂಶಯಕ್ಕೆ ಇತಿಹಾಸದ ಆಧಾರವಿಲ್ಲದೆ ಇಲ್ಲ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ, ಗ್ರಾಮವನ್ನು ದಾನ ಕೊಡುವ ಸಂದರ್ಭದಲ್ಲಿ, 'ಸದಂಡದಶಾಪರಾಧ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹತ್ತು ಬಗೆಯ ಅಪರಾಧಗಳಿಂದ ಹುಟ್ಟುವ ದಂಡದ ಹಣವೂ ದಾನ ಪಡೆದವನಿಗೇ ಸಲ್ಲತಕ್ಕದ್ದೆಂದು ಅದರ ತಾತ್ಪರ್ಯ. ಭೂಮಿಯ ಹುಟ್ಟುವಳಿಯಂತೆ ಅಪರಾಧದ ಹುಟ್ಟುವಳಿಯೂ ಒಂದು ಆದಾಯ! ಊರಿನವರೆಲ್ಲ ಸಜ್ಜನರಾದರೆ ಅಷ್ಟರ ಮಟ್ಟಿಗೆ ದಾನದ ಬೆಲೆ ಇಳಿಯಿತೆಂದೇ ಅರ್ಥವಲ್ಲವೆ?

ಇಲ್ಲಿಯೇ ದಂಡಕ್ಕೂ ಸುಂಕಕ್ಕೂ ಇರುವ ಭೇದವನ್ನು ಗಮನಿಸಬೇಕು. ಸುಂಕ ವಿಧಿಸುವವನು ವ್ಯಾಪಾರ ಬೆಳೆಯಲಿ ಎಂದು ಬಯಸುತ್ತಾನೆ, ವ್ಯಾಪಾರವಿಲ್ಲದಿದ್ದರೆ ಸುಂಕವಿಲ್ಲ. ದಂಡ ವಿಧಿಸುವವನು ಬಯಸಬೇಕಾದದ್ದು ತಪ್ಪು ಇಲ್ಲವಾಗಲಿ ಎಂದು. ವರ್ಷದಿಂದ ವರ್ಷಕ್ಕೆ ದಂಡದ ಪೆಟ್ಟಿಗೆ ಬರಿದಾಗುತ್ತ ಬಂದರೆ ಅದೇ ದಂಡದ ಸಾರ್ಥಕತೆ. ವಸೂಲಾದ ಕೋಟಿಗಳನ್ನು ಸಾಧನೆಯೆಂದು ಸಾರುವ ಕ್ಷಣದಲ್ಲಿ ದಂಡವು ಸುಂಕದ ವೇಷ ತೊಟ್ಟಿರುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಜನ ಗಾದೆಯಾಗಿ ಉಳಿಸಿಕೊಂಡ ಹಳೆಯ ಅನುಭವ.

ಹಾಗೆಂದು ವೇಗದ ತಪ್ಪನ್ನು ಹಗುರವೆಂದು ಎಣಿಸಲಾಗದು. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಕೇಂದ್ರ ಸರ್ಕಾರದ ವರದಿಯ ಪ್ರಕಾರ ಈ ಸಾವುಗಳಲ್ಲಿ ನೂರಕ್ಕೆ 71ರಷ್ಟು ಅತಿ ವೇಗದಿಂದ ಆದವು. ಒಂದು ಮಧ್ಯಮ ಗಾತ್ರದ ಪಟ್ಟಣ ವರ್ಷಕ್ಕೊಮ್ಮೆ ಅಳಿದುಹೋದಂತೆ ಇದು. ದಂಡದ ಬಗೆಗೆ ಸಿಡಿಮಿಡಿಗೊಳ್ಳುವ ನಾವು ಈ ಸಂಖ್ಯೆಯ ಮುಂದೆ ಒಂದು ನಿಮಿಷ ಮೌನವಾಗಿ ನಿಲ್ಲಬೇಕು.

ಆದಕಾರಣ ನಮ್ಮ ಪ್ರಶ್ನೆ ದಂಡ ಬೇಕೆ ಬೇಡವೆ ಎಂಬುದಲ್ಲ. ಅದು ದಂಡವಾಗಿಯೇ ಉಳಿದಿದೆಯೆ ಎಂಬುದು. 2019ರ ಸೆಪ್ಟೆಂಬರ್ 1ರಂದು ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಹೊಸ ದರಗಳು ಜಾರಿಗೆ ಬಂದವು. ಹೆಲ್ಮೆಟ್ ಧರಿಸದ ತಪ್ಪಿಗೆ 1,000 ರೂಪಾಯಿ. ಜನರ ಕೂಗಿಗೆ ಮಣಿದು ಕರ್ನಾಟಕ ಸರ್ಕಾರ ಅದೇ ತಿಂಗಳಲ್ಲಿ ಅದನ್ನು 500ಕ್ಕೆ ಇಳಿಸಿತು. ಮುಂದೆ 2023ರ ಫೆಬ್ರವರಿ 3ರಿಂದ 11ರವರೆಗೆ, ಬಾಕಿ ಉಳಿದ ದಂಡಗಳನ್ನು ಕಟ್ಟುವವರಿಗೆ ಅರ್ಧದಷ್ಟು ರಿಯಾಯಿತಿ ಸಿಕ್ಕಿತು. ಬೆಂಗಳೂರೊಂದರಲ್ಲಿಯೇ ನೂರು ಕೋಟಿ ರೂಪಾಯಿಗೂ ಮಿಕ್ಕು ಹಣ ಸಂಗ್ರಹವಾಯಿತು. 2025ರಲ್ಲಿಯೂ ಇಂಥ ರಿಯಾಯಿತಿ ಬಂದಿತು.

ರಾಶಿಬಿದ್ದ ಮೊಕದ್ದಮೆಗಳು ಕರಗಿದವೆಂಬುದು ನಿಜ. ಅದರ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಷಾಢದ ಸೀರೆಯಂತೆ ಅಪರಾಧವೂ ಅರ್ಧ ಬೆಲೆಗೆ ಇಳಿದರೆ ಜನ ಕಲಿಯುವ ಪಾಠವೇನು? ತಪ್ಪಿನ ಮರುದಿನವೇ ಪೂರ್ತಿ ಹಣ ಕಟ್ಟಿದ ಸಾಧು ಮನುಷ್ಯ ದಡ್ಡನಾದ. ಕಾದು ಕುಳಿತವನು ಜಾಣನಾದ. ದಂಡ ನೀತಿಯನ್ನು ಕಲಿಸುವ ಬದಲು ಚೌಕಾಶಿಯನ್ನು ಕಲಿಸಿತು.

ಕಾನೂನು ತನ್ನ ಮಟ್ಟಿಗೆ ಜನರ ಸಂಶಯವನ್ನು ನೀಗುವ ದಾರಿಯನ್ನೂ ತೋರಿಸಿದೆ. 2021ರ ಆಗಸ್ಟ್‌ನಲ್ಲಿ ಬಂದ ನಿಯಮದಂತೆ, ಕ್ಯಾಮೆರಾ ಕಾವಲಿರುವ ರಸ್ತೆಯಲ್ಲಿ ಎದ್ದು ಕಾಣುವಂತೆ ಎಚ್ಚರಿಕೆಯ ಫಲಕವಿರಬೇಕು. ತಪ್ಪು ನಡೆದ ಹದಿನೈದು ದಿನಗಳೊಳಗೆ ನೋಟೀಸು ಕಳುಹಿಸಬೇಕು. ಮರೆಯಲ್ಲಿ ಹೊಂಚುವುದು ಬೇಟೆಗಾರನ ರೀತಿ; ಮೊದಲೇ ಎಚ್ಚರಿಸುವುದು ಹಿರಿಯರ ರೀತಿ. 2019ರ ತಿದ್ದುಪಡಿಯಲ್ಲಿ ಇನ್ನೊಂದು ವಿಧಿಯಿದೆ: ಗೊತ್ತುಪಡಿಸಿದ ಮಟ್ಟಕ್ಕೆ ತಕ್ಕಂತೆ ರಸ್ತೆ ನಿರ್ಮಿಸದೆ ಸಾವುನೋವಿಗೆ ಕಾರಣರಾದ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ. ಸವಾರನ ಹೆಲ್ಮೆಟ್ಟಿನ ಮಾತು ಬೀದಿಬೀದಿಯಲ್ಲಿ ಕೇಳಿಬರುತ್ತದೆ. ಈ ವಿಧಿಯ ಮಾತನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಗುಂಡಿ ತೋಡಿದವನಿಗೂ ಗುಂಡಿಗೆ ಬಿದ್ದವನಿಗೂ ಒಂದೇ ತಕ್ಕಡಿ ಹಿಡಿದಾಗ ಮಾತ್ರ ದಂಡಕ್ಕೆ ಗೌರವ ಬರುತ್ತದೆ.

ಪೊಲೀಸರು ವರ್ಷಾಂತ್ಯದಲ್ಲಿ ಎರಡು ಲೆಕ್ಕಗಳನ್ನು ಜನರ ಮುಂದಿಡಲಿ: ಎಷ್ಟು ಹಣ ಬಂದಿತು, ಎಷ್ಟು ಜೀವ ಉಳಿಯಿತು. ಎರಡನೆಯ ಅಂಕಿ ಏರುತ್ತ ಮೊದಲನೆಯದು ಇಳಿಯುತ್ತ ಬಂದರೆ, ಗೊಣಗುವ ನಾಲಗೆಗಳು ತಾವಾಗಿಯೇ ಸುಮ್ಮನಾಗುತ್ತವೆ. ಬಿಸಿಲಿನಲ್ಲಿ ಹೊಗೆ ಕುಡಿಯುತ್ತ ನಿಂತ ಆ ಪೇದೆಯೂ ಆಗ ನಮ್ಮ ಕಣ್ಣಿಗೆ ಸುಂಕದವನಾಗಿ ಕಾಣುವುದಿಲ್ಲ. ಸಂಜೆ ಮಕ್ಕಳನ್ನು ಕ್ಷೇಮವಾಗಿ ಮನೆ ಮುಟ್ಟಿಸುವವನಾಗಿ ಕಾಣುತ್ತಾನೆ. ನಾವು ತೆತ್ತ ಹಣವೂ ಆಗ ದಂಡವಾಗುವುದಿಲ್ಲ.