ನೋಡುವವರಿಗೂ ಒಂದು ಜಾಗ

ಹೊಳಲಿನ ಬಂಧುಗಳೇ, ಆಗಲೇ ಬಣ್ಣಕ್ಕೆ ಕೂತಿರುವ ಕಲಾವಿದರೇ, ಹಾರ್ಮೋನಿಯಂ ಮೇಷ್ಟ್ರೇ,

ಮಂಡ್ಯ ಸೀಮೆಯಲ್ಲಿ ಸುಗ್ಗಿ ಮುಗಿಯಿತೆಂದರೆ ‘ಕುರುಕ್ಷೇತ್ರ’ ಶುರು. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವರು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಾರೆ, ಬೆಳಗಿನ ಜಾವದವರೆಗೂ ದಣಿಯದೆ ಹಾಡುತ್ತಾರೆ. ಇಷ್ಟು ಪ್ರೀತಿಯಿಂದ ಆಡುವ ನಾಟಕಕ್ಕೆ ನಾವು ಎಂಥ ಜಾಗ ಕೊಟ್ಟಿದ್ದೇವೆ? ಈ ನಾಟಕೋತ್ಸವದ ಮೊದಲ ದಿನ ನನಗೆ ಆಡಬೇಕೆನಿಸಿದ ಮಾತು ಅದೇ.

ನನ್ನ ಹಿಂದೆ ಇಳಿಬಿಟ್ಟಿರುವ ದರ್ಬಾರ್ ಸೀನು ನೋಡಿ. ಎರಡೂ ಕಡೆ ಕಂಬಗಳ ಸಾಲು. ಹಿಂದೆ ಹಿಂದೆ ಹೋದಂತೆ ಕಂಬ ಕುಳ್ಳಾಗುತ್ತವೆ, ನಟ್ಟನಡುವೆ ಒಂದು ಚುಕ್ಕಿಯ ಕಡೆಗೆ ಓಡುತ್ತವೆ. ದುರ್ಯೋಧನ ಎರಡು ಹೆಜ್ಜೆ ಹಿಂದಕ್ಕೆ ಸರಿದು ಪರದೆಗೆ ತಾಗಿ ನಿಂತನೋ, ಅರಮನೆಯ ಕಂಬಕ್ಕಿಂತ ಅವನ ಕಿರೀಟವೇ ಎತ್ತರ! ದೂರವನ್ನು ಹೀಗೆ ತೋರಿಸುವ ಲೆಕ್ಕಾಚಾರ ಇಟಲಿಯಿಂದ ಬಂದದ್ದು. ಅಲ್ಲಿನ ವಿಚೆಂಜಾ ಊರಿನಲ್ಲಿ ಪಲ್ಲಾಡಿಯೋ ವಿನ್ಯಾಸದ ಒಲಿಂಪಿಕೋ ರಂಗಮಂದಿರ 1585ರಲ್ಲಿ ತೆರೆಯಿತು. ರಂಗದ ಹಿಂದೆ ಸ್ಕಾಮೊಜ್ಜಿ ಮರದಲ್ಲಿ ಕಟ್ಟಿದ ಬೀದಿಗಳು ಇವತ್ತಿಗೂ ನಿಂತಿವೆ. ಅವೂ ಹೀಗೇ ಹಿಂದಕ್ಕೆ ಕಿರಿದಾಗುತ್ತ ಹೋಗುತ್ತವೆ. ಯುರೋಪಿನ ಈ ಚೌಕಟ್ಟು, ಈ ಬರೆದ ಪರದೆ ಮುಂಬಯಿಯ ಪಾರ್ಸಿ ನಾಟಕ ಕಂಪನಿಗಳಿಗೆ ಬಂತು. ಆಮೇಲೆ ಮೈಸೂರಿಗೆ, ಗುಬ್ಬಿ ಕಂಪನಿಗೆ, ಕೊನೆಗೆ ನಮ್ಮ ಡ್ರಾಮಾ ಸೀನರಿಯವರ ಕೈಗೆ. ಗುಬ್ಬಿ ವೀರಣ್ಣನವರಂತೂ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು.

ಆ ವೈಭವ ಕಣ್ಣು ತುಂಬಿ, ರಂಗಮಂದಿರವೆಂದರೆ ವೇದಿಕೆ ಎಂದೇ ನಾವು ತಿಳಿದುಬಿಟ್ಟೆವು. ಊರೂರಿನಲ್ಲಿ ಕಾಂಕ್ರೀಟ್ ಕಟ್ಟೆ, ಮೇಲೊಂದು ಸೂರು. ನೋಡುವವರಿಗೆ ಮಾತ್ರ ಮಟ್ಟಸ ನೆಲ. ಮುಂದೆ ಗಣ್ಯರ ಕುರ್ಚಿ, ಹಿಂದೆ ಚಾಪೆಯ ಮೇಲೆ ಕೂತ ಅಜ್ಜಿಗೆ ಕಾಣುವುದು ಯಾರದೋ ಬೆನ್ನು. ಇದು ಸರಿಯಲ್ಲ.

ಭರತಮುನಿ ಹೀಗೆ ಮಾಡಲಿಲ್ಲ. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯದಲ್ಲಿ ಮನುಷ್ಯರಿಗೆ ತಕ್ಕ ನಾಟ್ಯಗೃಹದ ಅಳತೆಯಿದೆ: ಉದ್ದ 64 ಹಸ್ತ, ಅಗಲ 32 ಹಸ್ತ. ನಮ್ಮ ಲೆಕ್ಕದಲ್ಲಿ ಸುಮಾರು 96 ಅಡಿಗೆ 48 ಅಡಿ. ಅದರಲ್ಲಿ ಸರಿಯಾಗಿ ಅರ್ಧ ಪ್ರೇಕ್ಷಕರದು. ಇದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣುವುದಿಲ್ಲ ಎಂದು ಕಾರಣವನ್ನೂ ಹೇಳುತ್ತಾನೆ. ಆಸನಗಳನ್ನು ಇಟ್ಟಿಗೆ, ಮರದಲ್ಲಿ ಮೆಟ್ಟಿಲಿನಂತೆ ಕಟ್ಟಿ ಎನ್ನುತ್ತಾನೆ.

ಗ್ರೀಕರು ಗುಡ್ಡದ ಇಳಿಜಾರನ್ನೇ ಆಸನ ಮಾಡಿಕೊಂಡರು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಎಪಿಡಾರಸ್ ಬಯಲು ರಂಗಮಂದಿರದಲ್ಲಿ ಮೊದಲು 34 ಸಾಲು ಕಲ್ಲಿನ ಮೆಟ್ಟಿಲು, ಆಮೇಲೆ ಮೇಲ್ಗಡೆ ಇನ್ನೂ 21. ಹತ್ತು ಸಾವಿರಕ್ಕೂ ಮಿಕ್ಕ ಜನ, ಮೈಕಿಲ್ಲ. ಆ ಮೆಟ್ಟಿಲು ಸಾಲುಗಳೇ ಜನರ ಗುಜುಗುಜು, ಗಾಳಿಯ ಸದ್ದಿನಂಥ ತಗ್ಗು ಶ್ರುತಿಯ ದನಿಗಳನ್ನು ತಡೆದು ನಟನ ಮಾತನ್ನು ಮೇಲಕ್ಕೆ ಬಿಡುತ್ತವೆಂದು ಅಮೆರಿಕದ ಸಂಶೋಧಕರು 2007ರಲ್ಲಿ ತೋರಿಸಿದರು.

ದೂರದ ಮಾತೇಕೆ? ಹೆಗ್ಗೋಡೂ ಹಳ್ಳಿಯೇ. ಅಲ್ಲಿ ಕೆ.ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಮ್ ಅಡಿಕೆ ತೋಟಗಳ ನಡುವೆ ಶಿವರಾಮ ಕಾರಂತ ರಂಗಮಂದಿರ ಕಟ್ಟಿತು. ಬೆಂಗಳೂರಿನಲ್ಲಿ 2004ರಲ್ಲಿ ತೆರೆದ ರಂಗಶಂಕರದಲ್ಲಿ ಆಸನಗಳು ಕಡಿದಾಗಿ ಏರುತ್ತವೆ. ಕೊನೇ ಸಾಲಿನವರಿಗೂ ನಟನ ಹುಬ್ಬು ಕುಣಿದದ್ದು ಕಾಣುತ್ತದೆ.

ಆದ್ದರಿಂದ ಊರಿನ ಹಿರಿಯರಲ್ಲಿ, ಪಂಚಾಯಿತಿಯವರಲ್ಲಿ ನನ್ನದೊಂದು ಕೋರಿಕೆ. ಮುಂದೆ ರಂಗಮಂದಿರಕ್ಕೆ ಅನುದಾನ ಬಂದರೆ ಎಂಜಿನಿಯರನ್ನು ಮೊದಲು ಕೇಳಬೇಕಾದ್ದು ವೇದಿಕೆಯ ಎತ್ತರವನ್ನಲ್ಲ. ಹಿಂದಿನವರ ನೋಟ ಮುಂದಿನವರ ಕಣ್ಣಿನ ಮಟ್ಟಕ್ಕಿಂತ ನಾಲ್ಕೈದು ಅಂಗುಲ ಮೇಲೆ ಹಾದುಹೋಗುತ್ತದೆಯೇ ಎಂದು ಕೇಳಿ. ಸಿಮೆಂಟೇ ಬೇಕೆಂದಿಲ್ಲ, ಕೆರೆ ಏರಿ ಕಟ್ಟಿದ ಜನಕ್ಕೆ ಮಣ್ಣು ಏರಿಸಿ, ಕಲ್ಲು ಕೂರಿಸಿ, ಹುಲ್ಲು ಬೆಳೆಸುವುದು ಹೊಸ ವಿದ್ಯೆಯಲ್ಲ. ವೇದಿಕೆಯನ್ನು ತಗ್ಗಿನಲ್ಲಿಡಿ, ಜನರನ್ನು ಮೇಲೆ ಕೂರಿಸಿ.

ಈ ರಾತ್ರಿಯ ಮಟ್ಟಿಗೆ ಮುಂದೆ ಕುರ್ಚಿಯಲ್ಲಿರುವವರು ದಯವಿಟ್ಟು ಅಕ್ಕಪಕ್ಕಕ್ಕೆ ಸರಿದು, ನಡುವಿನ ಜಾಗವನ್ನು ಚಾಪೆಯವರಿಗೆ ಬಿಟ್ಟುಕೊಡಿ. ನಾಟಕೋತ್ಸವವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಮೇಷ್ಟ್ರೇ, ಶ್ರುತಿ ಹಿಡಿಯಿರಿ.