ಏರಿಯ ಅಂಕಪಟ್ಟಿ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಅಣೆಕಟ್ಟು ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ನೂರಾರು ಅಡಿ ಎತ್ತರದ ಗೋಡೆ, ಮಂತ್ರಿಗಳ ಹೆಸರು ಕೆತ್ತಿದ ಕಲ್ಲು. ಇಂದು ನಾವು ಆಡಹೊರಟಿರುವುದು ಅಂಥದರ ಮಾತಲ್ಲ. ಹಳ್ಳಕ್ಕೆ ಅಡ್ಡವಾಗಿ ಹಾಕಿದ, ಮೈಮೇಲೆ ಹುಲ್ಲು ಬೆಳೆದ, ಪ್ರವಾಹ ತಡೆಯುವ ಸಣ್ಣ ಮಣ್ಣಿನ ಏರಿಯ ಮಾತು. ಇಂಥವನ್ನು ಸಾವಿರಗಟ್ಟಲೆ ಕಟ್ಟಿದ ದೇಶ ಅಮೆರಿಕ. ಅಲ್ಲಿ ಅವುಗಳಿಗೆ ದರ್ಜೆ ಕೊಡುವ ಪದ್ಧತಿಯಿಂದ ನಾವು ಕಲಿಯಬೇಕಾದದ್ದು ಇದೆ; ಅದು ತಪ್ಪಿದ ಕಡೆಯಿಂದಲೂ ಕಲಿಯಬೇಕಾದದ್ದು ಇದೆ.

ಓಕ್ಲಹೋಮದ ವಾಷಿಟಾ ನದಿಯ ಬಯಲಿನಲ್ಲಿ ಪ್ರವಾಹವು ರೈತರ ಬೆಳೆಯನ್ನೂ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತಿತ್ತು. 1944ರ ಪ್ರವಾಹ ನಿಯಂತ್ರಣ ಕಾನೂನಿನ ಮೇರೆಗೆ 1948ರಲ್ಲಿ ಕಾರ್ಡೆಲ್ ಊರಿನ ಬಳಿ ಕ್ಲೌಡ್ ಕ್ರೀಕ್ ಎಂಬ ಹಳ್ಳಕ್ಕೆ ಇಂಥ ಮೊದಲ ಏರಿ ಎದ್ದಿತು. 1954ರ ಇನ್ನೊಂದು ಕಾನೂನು ಈ ಕೆಲಸವನ್ನು ದೇಶಕ್ಕೆಲ್ಲ ಹರಡಿತು. ಇಂದು 47 ರಾಜ್ಯಗಳಲ್ಲಿ ಇವು 11,000ಕ್ಕೂ ಹೆಚ್ಚು.

ನಮ್ಮ ಕೆರೆಗಳನ್ನು ಬಲ್ಲವರಿಗೆ ಇದರ ಕೆಲಸ ತಿಳಿಯುವುದು ಸುಲಭ. ಏರಿಯ ಒಳಬದಿಗೆ ಒಂದು ಕಾಂಕ್ರೀಟಿನ ಕಂಬದಂಥ ಗೂಡು. ಅದರಿಂದ ಏರಿಯ ಅಡಿಯಲ್ಲಿ ಹಾಯುವ ಕೊಳವೆ. ತೂಬಿನ ಹಾಗೆಯೇ, ಆದರೆ ಎತ್ತಿ ಇಳಿಸಲು ನೀರುಗಂಟಿ ಬೇಕಿಲ್ಲ. ಮಳೆ ಸುರಿದಾಗ ನೀರು ನಿಲ್ಲುತ್ತದೆ. ಕೊಳವೆ ತನ್ನ ಶಕ್ತಿಯಷ್ಟನ್ನು ಮಾತ್ರ ಕೆಳಗೆ ಬಿಡುತ್ತದೆ. ಅದಕ್ಕೂ ಮೀರಿ ಬಂದರೆ ಪಕ್ಕದಲ್ಲಿ ಹುಲ್ಲಿನ ಕೋಡಿ. ಕೋಡಿಯೂ ಸಾಲದೆ ನೀರು ಏರಿಯ ನೆತ್ತಿಯ ಮೇಲೆ ಹರಿದರೆ ಮಣ್ಣು ಕರಗುತ್ತದೆ. ಇಲ್ಲವೆ, ತುಕ್ಕು ತಿಂದ ಕೊಳವೆಯ ಗುಂಟ, ಮರದ ಬೇರಿನ ಗುಂಟ, ಪ್ರಾಣಿ ತೋಡಿದ ಬಿಲದ ಗುಂಟ ನೀರು ದಾರಿ ಮಾಡಿಕೊಂಡು ಒಳಗಿನಿಂದಲೇ ಮಣ್ಣನ್ನು ಹೊರಕ್ಕೆ ಒಯ್ಯುತ್ತದೆ. ಮಣ್ಣಿನ ಏರಿಗೆ ಸಾವು ಬರುವುದು ಮುಖ್ಯವಾಗಿ ಈ ಎರಡು ದಾರಿಯಲ್ಲಿ.

ನಾವು ಮೇಷ್ಟರಾಗಿದ್ದವರು, ಅಂಕಪಟ್ಟಿ ನೋಡುವ ಅಭ್ಯಾಸ ಬಿಟ್ಟುಹೋಗಿಲ್ಲ. ಅಲ್ಲಿ ಏರಿಯ ಅಂಕಪಟ್ಟಿಯಲ್ಲಿ ಎರಡು ವಿಷಯಗಳಿವೆ. ಒಂದು, ಸ್ಥಿತಿಯ ದರ್ಜೆ: ತೃಪ್ತಿಕರ, ಪರವಾಗಿಲ್ಲ, ಕಳಪೆ, ಅತೃಪ್ತಿಕರ. ಎರಡು, ಅಪಾಯದ ದರ್ಜೆ: ಏರಿ ಒಡೆದರೆ ಜೀವ ಹೋಗುವ ಸಂಭವವಿದ್ದರೆ ‘ಅಧಿಕ’, ಜೀವ ಉಳಿದು ರಸ್ತೆ, ಸೇತುವೆ, ಆಸ್ತಿ ಹೋಗುವುದಾದರೆ ‘ಗಣನೀಯ’, ನಷ್ಟ ಬಹುಮಟ್ಟಿಗೆ ಒಡೆಯನ ಆಸ್ತಿಗೇ ಸೀಮಿತವಾದರೆ ‘ಕಡಿಮೆ’.

ಗಮನಿಸಿ. ಎರಡನೆಯ ದರ್ಜೆ ಏರಿಯ ಬಲಾಬಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಕೆಳಗೆ ಮಲಗುವ ಜನರ ಲೆಕ್ಕ. ‘ಅಧಿಕ’ ಎಂದರೆ ಏರಿ ನಾಳೆ ಒಡೆಯುತ್ತದೆ ಎಂದಲ್ಲ. ‘ಕಡಿಮೆ’ ಎಂದರೆ ಏರಿ ಗಟ್ಟಿ ಎಂದೂ ಅಲ್ಲ. ಹೊಲಗಳನ್ನು ಕಾಯಲೆಂದು ಕಟ್ಟಿದ ಏರಿಗೆ ಹೊಲಕ್ಕೆ ತಕ್ಕ ಕೋಡಿ ಇಟ್ಟಿದ್ದರು. ಪ್ರವಾಹ ನಿಂತಿತಲ್ಲ ಎಂದು ಕೆಳಗಿನ ಹೊಲಗಳಲ್ಲಿ ಮನೆಗಳೆದ್ದವು. ಒಂದು ಪುಟ್ಟಿ ಮಣ್ಣು ಕದಲದೆ ಏರಿ ‘ಕಡಿಮೆ’ಯಿಂದ ‘ಅಧಿಕ’ಕ್ಕೆ ಏರಿತು, ಕೋಡಿ ಮಾತ್ರ ಹಳೆಯದೇ ಉಳಿಯಿತು. ಅನೇಕ ಏರಿಗಳಿಗೆ 50 ವರ್ಷದ ಆಯುಷ್ಯವೆಂದು ಲೆಕ್ಕ ಹಾಕಿದ್ದರು, ಅದೂ ಮುಗಿದಿದೆ. ಕಟ್ಟಲು ಹಣ ಕೊಟ್ಟದ್ದು ಕೇಂದ್ರ ಸರಕಾರ. ಕಾಯುವ ಹೊಣೆ ಬಿದ್ದದ್ದು ಬರಿಗೈಯ ಸ್ಥಳೀಯ ಸಂಸ್ಥೆಗಳ ಮೇಲೆ. ಜೀರ್ಣೋದ್ಧಾರಕ್ಕೆ ಕೇಂದ್ರದ ಹಣ ಕೊಡುವ ಕಾನೂನು ಬಂದದ್ದು 2000ದಲ್ಲಿ.

ದರ್ಜೆ ಕೊಡದೆ ಬಿಟ್ಟರೆ ಏನಾಗುತ್ತದೆ? ಜಾರ್ಜಿಯಾ ರಾಜ್ಯದ ಟೊಕೋವಾ ಬಳಿಯ ಕೆಲಿ ಬಾರ್ನ್ಸ್ ಕಟ್ಟೆ ಪ್ರವಾಹ ತಡೆಯಲು ಕಟ್ಟಿದ್ದಲ್ಲ. ಆದರೆ ಮಣ್ಣಿನದೇ, ಚಿಕ್ಕದೇ. 1977ರ ನವೆಂಬರ್ 6ರ ನಡುರಾತ್ರಿಯ ಮೇಲೆ ಅದು ಒಡೆದು, ಕೆಳಗಿನ ಕಾಲೇಜಿನ ವಸತಿಗಳಲ್ಲಿ ಮಲಗಿದ್ದ 39 ಮಂದಿ ಸತ್ತರು. ಕಟ್ಟೆಗಳ ತಪಾಸಣೆಗೆ ಕಾನೂನು 1972ರಲ್ಲೇ ಆಗಿತ್ತು. ಪಟ್ಟಿ ತಯಾರಾಯಿತು, ತಪಾಸಣೆಗೆ ಹಣ ಬರಲಿಲ್ಲ. ಹೆಣಗಳು ಸಿಕ್ಕ ಮೇಲೆ ಅಧ್ಯಕ್ಷ ಕಾರ್ಟರ್ ಆಜ್ಞೆ ಮಾಡಿದರು. 1981ರೊಳಗೆ ಸುಮಾರು 8,800 ಕಟ್ಟೆಗಳನ್ನು ನೋಡಿದಾಗ ಮೂರರಲ್ಲಿ ಒಂದು ಪಾಲು ಸುರಕ್ಷಿತವಲ್ಲವೆಂದು ತಿಳಿಯಿತು.

ದರ್ಜೆ ಕೊಟ್ಟೂ ಮುಚ್ಚಿಟ್ಟರೆ? 2019ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಎರಡು ವರ್ಷಕ್ಕೂ ಮೀರಿ ಬೆನ್ನುಹತ್ತಿ ಲೆಕ್ಕ ತೆಗೆಯಿತು: ಅಪಾಯದಲ್ಲಿ ‘ಅಧಿಕ’, ಸ್ಥಿತಿಯಲ್ಲಿ ‘ಕಳಪೆ’ ಅಥವಾ ‘ಅತೃಪ್ತಿಕರ’ ಆದ ಕಟ್ಟೆಗಳು ಕನಿಷ್ಠ 1,688. ಕೆಲವು ರಾಜ್ಯಗಳು ಲೆಕ್ಕ ಕೊಡಲೇ ಒಪ್ಪಲಿಲ್ಲ. ಏರಿಯ ಕೆಳಗಿನವನ ಪ್ರಾಣದ ವಿಷಯ ಅವನಿಗೇ ಗುಟ್ಟು! ಇದು ಯಾವ ನ್ಯಾಯ?

ಇನ್ನು ನಮ್ಮ ದೇಶ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲಕ್ಕೆ ಮೊದಲೂ ನಂತರವೂ ತಪಾಸಣೆ ಆಗಬೇಕೆನ್ನುತ್ತದೆ. ಒಳ್ಳೆಯ ಮಾತು. ಆದರೆ ಅದು ಹಿಡಿಯುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳನ್ನು. 10ರಿಂದ 15 ಮೀಟರಿನವು ಕೆಲವು ಷರತ್ತಿಗೆ ಒಳಪಟ್ಟರೆ ಮಾತ್ರ: ಉದ್ದ 500 ಮೀಟರ್, ಅಥವಾ ನೀರು 10 ಲಕ್ಷ ಘನ ಮೀಟರ್, ಹೀಗೆ. ಆ ಷರತ್ತುಗಳಲ್ಲಿ ಕೆಳಗಿನ ಮನೆಗಳ ಎಣಿಕೆ ಇಲ್ಲ. 10 ಮೀಟರಿಗೆ ಕಡಿಮೆಯಾದ ಏರಿಯ ಬುಡದಲ್ಲಿ ಇಡೀ ಕೇರಿಯೇ ಇದ್ದರೂ ಈ ಕಾಯ್ದೆಯ ಕಣ್ಣಿಗೆ ಅದು ಬೀಳುವುದಿಲ್ಲ. ನಮ್ಮ ಎಷ್ಟು ಕೆರೆ ಏರಿಗಳ ಎತ್ತರ 10 ಮೀಟರ್ ದಾಟುತ್ತದೆ? ಏರಿಯ ಹಿಂದಿನ ತಗ್ಗು ಜಾಗದಲ್ಲಿ ಗುಡಿಸಲು ಹಾಕುವವರು ಯಾರು? ಹೇಳಬೇಕಾಗಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ಮೂರು. ಏರಿಯನ್ನು ಎತ್ತರದಿಂದ ಮಾತ್ರವಲ್ಲ, ಕೆಳಗಿನ ಜನರ ಲೆಕ್ಕದಿಂದಲೂ ಅಳೆಯಬೇಕು. ಎರಡೂ ದರ್ಜೆಗಳನ್ನು, ತಪಾಸಣೆಯ ತಾರೀಖಿನೊಡನೆ, ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಹೊಣೆಯನ್ನು ಪಂಚಾಯತಿಗೆ ವಹಿಸುವ ಸರಕಾರ ಹಣವನ್ನೂ ವಹಿಸಬೇಕು.

ಕೇಳುವುದು ಬೇಸಿಗೆಯಲ್ಲೇ ಆಗಬೇಕು. ಊರಿಗೆ ಹಿಂದಿರುಗಿದ ಮೇಲೆ ಒಂದು ದಿನ ಏರಿಯ ಮೇಲೆ ನಡೆದು ನೋಡಿ. ಬಿಲ ಎಲ್ಲಿದೆ, ಮರ ಎಲ್ಲಿ ಬೇರು ಬಿಟ್ಟಿದೆ, ಕೋಡಿಯನ್ನು ಯಾರು ಒತ್ತಿದ್ದಾರೆ, ಹೊರಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದೆಯೋ ಕೆಂಪಾಗಿದೆಯೋ ಬರೆದುಕೊಳ್ಳಿ. ಕೆಂಪು ನೀರು ಎಂದರೆ ಏರಿ ಒಳಗಿಂದ ಸವೆಯುತ್ತಿದೆ. ಬರೆದದ್ದನ್ನು ಕೈಗೆ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.